ಗೆದ್ದಲಿಗೆ ಬೀಗರ ಊಟ

ವೈನಿ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಬಾಗಿಲನ್ನು. ಮನೆಯವರು 'ಬನ್ನಿ, ಕೂತ್ಕೊಳ್ಳಿ' ಎನ್ನುವಷ್ಟರಲ್ಲಿ ಆಕೆ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಚೌಕಟ್ಟಿಗೆ ಕಿವಿ ಹಚ್ಚಿ ನಿಂತಿರುತ್ತಿದ್ದರು. ಕೈಯಲ್ಲಿ ಹಳದಿ ಹಿಡಿಯ ಸ್ಕ್ರೂಡ್ರೈವರ್. ಆ ಹಿಡಿಯಿಂದ ಚೌಕಟ್ಟನ್ನು ಹೊಸ್ತಿಲಿನಿಂದ ಮೇಲಕ್ಕೆ ಟಕ್ ಟಕ್ ಎಂದು ಬಡಿಯುತ್ತ, ಉಸಿರು ಹಿಡಿದು ಕೇಳುತ್ತ ಹೋಗುವರು. ಗಟ್ಟಿ ಮರ ಗಟ್ಟಿಯಾಗಿಯೇ ಸದ್ದು ಮಾಡುತ್ತದೆ. ಗೆದ್ದಲು ತಿಂದ ಮರ ಒಡೆದ ಮಡಕೆಯ ಹಾಗೆ ಬೊದ್ ಎನ್ನುತ್ತದೆ. ಅಂಥ ಜಾಗ ಸಿಕ್ಕಿತೋ, ಮನೆಯವರ ಮುಖ ಬಾಡುತ್ತಿತ್ತು, ವೈನಿಯ ಮುಖ ಅರಳುತ್ತಿತ್ತು. "ಅದಾರ, ಒಳಗ ಮಂದಿ ಅದಾರ!" ಎಂದು ಸಾರಿ, ಆಮೇಲೆ ಕುರ್ಚಿಯಲ್ಲಿ ಕೂತು ಕುಡಿಯಲು ನೀರು ಕೇಳುತ್ತಿದ್ದರು.

ಗೆದ್ದಲನ್ನು ಆಕೆ ಹುಳ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಮಂದಿ ಎನ್ನುವರು, ಇಲ್ಲವಾದರೆ ಬೀಗರು ಎನ್ನುವರು.

ಈ ಆಷಾಢದಲ್ಲಿ ವೈನಿ ತೀರಿಕೊಂಡರು. ಸತ್ತವರನ್ನೆಲ್ಲ ದೇವರ ಪಟದ ಪಕ್ಕ ಕೂರಿಸುವ ಚಾಳಿ ನನಗಿಲ್ಲ. ವೈನಿ ಮಹಾ ಮೊಂಡರು. ಹತ್ತು ಗಂಟೆಗೆ ಬರುತ್ತೇನೆಂದರೆ ಊಟದ ಹೊತ್ತಿಗೆ ಬರುವರು. ಬಂದವರು ಕೆಲಸಕ್ಕೆ ಮೊದಲು ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ ತೆರೆದು, "ಇದರಾಗ ಬ್ಯಾಳಿ ಎಲ್ಲೈತಿ ತಂಗಿ, ಹುಡುಕಬೇಕಾತು" ಎನ್ನುವರು. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುವುದರಲ್ಲಿ ಆಕೆಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. "ಈ ಹೈದರಾಬಾದಿನಾಗ ನನ್ನಂಗ ಊಟಕ್ಕ ಕರಿಯೋರು ಇನ್ನೊಬ್ಬರನ್ನ ತೋರಸ್ರಿ ನೋಡೋಣು" ಎಂದು ಸವಾಲು ಹಾಕುವರು. ತೋರಿಸಲು ನನಗೆ ಇವತ್ತಿಗೂ ಯಾರೂ ಸಿಕ್ಕಿಲ್ಲ, ಅದು ಬೇರೆ ಮಾತು.

ಬೀದರ್ ಕಡೆಯವರು. ಮದುವೆಯಾಗಿ ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದಾಗ ಗಂಡನ ತಮ್ಮಂದಿರು ವೈನಿ ಎಂದರು. ನೆರೆಯವರೂ ವೈನಿ ಎಂದರು. ಕೊನೆಗೆ ಕೆಲಸಕ್ಕೆ ಕರೆಯುವವರೂ ಅದನ್ನೇ ಹಿಡಿದರು. ಅತ್ತಿಗೆ ಎಂಬ ಅರ್ಥ ಗೊತ್ತಿಲ್ಲದ ತೆಲುಗಿನವರು ಅದೇ ಆಕೆಯ ಹೆಸರೆಂದುಕೊಂಡು 'ವೈನಿ ಗಾರು' ಎಂದು ಕರೆಯುತ್ತಿದ್ದರು. ಎತ್ತರದ ಹೆಂಗಸು. ಸೀರೆಯ ಮೇಲೆ ಗಂಡಸರ ಚೌಕಳಿ ಅಂಗಿ, ಮೂಗಿನಲ್ಲಿ ದೊಡ್ಡ ಹರಳಿನ ನತ್ತು, ಸ್ಕೂಟರಿನ ಮುಂದುಗಡೆ ಹಸಿರು ಚೀಲ. ಆ ಚೀಲದಲ್ಲಿ ಏನಿದೆಯೆಂದು ನಮ್ಮ ಮಕ್ಕಳು ಇಣುಕಿದರೆ, "ಬೀಗರ ಬುತ್ತಿ, ಮುಟ್ಟಬ್ಯಾಡ್ರಿ" ಎಂದು ಗದರುವರು.

ನಮ್ಮ ಮಕ್ಕಳು ಎಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನಾನು ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಗೋಡೆಗೆ ಹತ್ತಿಕೊಂಡ ಓಣಿಯೊಂದರಲ್ಲಿ, ಒಂದು ಶಿಶುವಿಹಾರ ನಡೆಸುತ್ತೇನೆ. ಹುಟ್ಟಿದ್ದು ತುಮಕೂರಿನ ಹತ್ತಿರ. ಮನೆ ಬಾಡಿಗೆಯದು, ಹಳೆಯದು. ತೇಗದ ಬಾಗಿಲುಗಳು, ಕೆಂಪು ನೆಲ, ಹಿತ್ತಿಲಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಹುತ್ತ. ನಮ್ಮಲ್ಲಿ ವಿಶ್ವವಿದ್ಯಾಲಯದ ಗುಮಾಸ್ತರ ಮಕ್ಕಳಿದ್ದಾರೆ, ಕಟ್ಟಡ ಕಟ್ಟುವ ಕಲಬುರಗಿ, ಯಾದಗಿರಿ ಕಡೆಯ ಕೂಲಿಯವರ ಮಕ್ಕಳೂ ಇದ್ದಾರೆ. ಒಂದೇ ಚಾಪೆಯ ಮೇಲೆ ಮಲಗುತ್ತವೆ, ಮೂರು ಭಾಷೆಯಲ್ಲಿ ಜಗಳವಾಡುತ್ತವೆ. ಅವರನ್ನು ಉಣಿಸಿ ಮಲಗಿಸುವ ಶರಣವ್ವ ಕೂಡ ಕಲಬುರಗಿ ಕಡೆಯವಳೇ. ಅವಳಿಲ್ಲದಿದ್ದರೆ ನನ್ನ ಶಿಶುವಿಹಾರ ಮಧ್ಯಾಹ್ನಕ್ಕೇ ಮುಚ್ಚಬೇಕು.

ಒಂದು ಬೇಸಿಗೆಯ ಕೊನೆಗೆ, ತೊಟ್ಟಿಲು ಕಟ್ಟಿದ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದ ಪ್ರಾಣಿಗಳ ಚಿತ್ರಪಟ ತಾನಾಗಿ ಕಳಚಿ ಬಿತ್ತು. ಹಿಂದೆ ನೋಡಿದರೆ ಬೆರಳಗಲದ ಮಣ್ಣಿನ ಸಾಲು, ನೆಲದಿಂದ ಹೊರಟು ಬಾಗಿಲ ಚೌಕಟ್ಟಿನೊಳಗೆ ಹೊಕ್ಕಿತ್ತು. ಚಿತ್ರಪಟದಲ್ಲಿ ಆನೆಯ ಹಿಂಭಾಗ ಇರಲೇ ಇಲ್ಲ, ಅಷ್ಟನ್ನು ತಿಂದು ಮುಗಿಸಿದ್ದವು. ನಾನು ಪೊರಕೆ ಹಿಡಿದು ಆ ಸಾಲನ್ನು ಗುಡಿಸಿ ಹಾಕಿದೆ. ಮರುದಿನ ಬೆಳಿಗ್ಗೆ ಅದು ಮತ್ತೆ ಹಾಗೇ ಇತ್ತು, ಮಣ್ಣು ಮಾತ್ರ ಹಸಿ.

ಮನೆಯ ಮಾಲೀಕರಿಗೆ ಹೇಳದೆ ವಿಧಿಯಿರಲಿಲ್ಲ. ಅವರು ಒಳ್ಳೆಯ ಮನುಷ್ಯ, ನಿವೃತ್ತರು, ಮೆತ್ತಗೆ ತೆಲುಗು ಮಾತಾಡುವವರು. ಆ ಮನೆ ಕಟ್ಟಿಸಿದ್ದು ಅವರ ತಂದೆ. ಬಂದಾಗಲೆಲ್ಲ ಬಾಗಿಲ ಚೌಕಟ್ಟನ್ನು ಕೈಯಿಂದ ಸವರಿ ಒಳಗೆ ಬರುವರು. ಅವತ್ತು ಸವರಿದಾಗ ಮರದ ಒಂದು ಚಕ್ಕೆ ಅವರ ಕೈಗೇ ಬಂತು. ಅದನ್ನು ಮತ್ತೆ ಅದರ ಜಾಗಕ್ಕೇ ಒತ್ತಿ ಕೂರಿಸಲು ನೋಡಿದರು. ಆಮೇಲೆ ಹೇಳಿದ್ದಿಷ್ಟು: ನನ್ನ ಆಳನ್ನು ಕಳಿಸುತ್ತೇನೆ, ಗೋಡೆಯ ಉದ್ದಕ್ಕೂ ನೆಲ ಕೊರೆದು ಔಷಧಿ ಹೊಯ್ಯಲಿ, ಅಷ್ಟು ದಿನ ಶಿಶುವಿಹಾರ ಮುಚ್ಚಿ. ಅದಾಗದಿದ್ದರೆ ಮನೆ ಬಿಟ್ಟುಕೊಡಿ, ಕೇಳುತ್ತಿರುವ ಬಿಲ್ಡರಿಗೆ ಕೊಟ್ಟುಬಿಡುತ್ತೇನೆ, ಅಪ್ಪ ಕಟ್ಟಿಸಿದ್ದು ಪುಡಿಪುಡಿಯಾಗುವುದನ್ನು ನೋಡುತ್ತ ಕೂರಲಾರೆ.

ಮುಚ್ಚುವುದು ಎಂದರೇನೆಂದು ನನಗೆ ಗೊತ್ತಿತ್ತು. ಗುಮಾಸ್ತರ ಮನೆಯಲ್ಲಿ ಅಜ್ಜಿಯರಾದರೂ ಬರುತ್ತಾರೆ. ಕೂಲಿಯವರ ಕೂಸುಗಳು ಮರಳಿನ ಗುಡ್ಡೆಯ ಮೇಲೆ ಬಿಸಿಲಲ್ಲಿ ಕೂರಬೇಕು. ಔಷಧಿ ಹೊಯ್ದ ನೆಲದ ಮೇಲೆ ಅಂಬೆಗಾಲಿಡುವ ಮಕ್ಕಳನ್ನು ಮತ್ತೆ ಬಿಡಲು ನನಗೆ ಮನಸ್ಸೂ ಒಪ್ಪಲಿಲ್ಲ. ಮನೆ ಬಿಟ್ಟರಂತೂ ಮುಗಿದೇ ಹೋಯಿತು. ದಿನವಿಡೀ ಹತ್ತಾರು ಕೂಸು ಅಳುವ ಕಾರುಬಾರಿಗೆ ಇನ್ನೊಂದು ಮನೆ ಕೊಡುವ ಪುಣ್ಯಾತ್ಮರು ತಾರ್ನಾಕದಲ್ಲಿ ಸಿಗುವುದಿಲ್ಲ. ದಸರೆಯವರೆಗೆ ಸಮಯ ಕೊಡಿ ಎಂದು ಬೇಡಿಕೊಂಡೆ. "ಚೂದ್ದಾಂ ಅಮ್ಮಾ" ಎಂದರು. ನೋಡೋಣ ಎಂದಷ್ಟೇ ಅದರ ಅರ್ಥ.

ಒಂದು ಮಗುವಿನ ತಾಯಿ ವೈನಿಯ ವಿಷಯ ಹೇಳಿ ಕಳಿಸಿದಳು. ಹಾಗೆ ಅವರು ಬಂದರು, ಎಂದಿನಂತೆ ತಡವಾಗಿ, ಚೌಕಟ್ಟಿಗೆ ಕಿವಿ ಹಚ್ಚಿದರು. ಮಕ್ಕಳೆಲ್ಲ ಬಾಯಿ ಮುಚ್ಚಿ ನೋಡುತ್ತ ನಿಂತವು. ನನ್ನ ಶಿಶುವಿಹಾರದಲ್ಲಿ ಅಷ್ಟು ಮೌನ ನಾನು ಅದುವರೆಗೆ ಕಂಡಿರಲಿಲ್ಲ.

"ಮಣ್ಣು ಗುಡಿಸಿದವ್ರು ಯಾರು?" ಎಂದರು.

"ನಾನೇ" ಎಂದೆ.

"ಇನ್ನ ಗುಡಿಸಬ್ಯಾಡ್ರಿ. ಬೀಗರು ಊಟಕ್ಕ ಬಂದಾಗ ಬಾಗಲದಾಗ ಕಸಬರಿಗಿ ಹಿಡಕೊಂಡು ನಿಂದರತಾರೇನು? ಹಂಗ ಮಾಡಿದ್ರ ಮುಂದಿನ ಬಾಗಲ ಬಿಟ್ಟು ಹಿಂದಿನ ಬಾಗಲಿಂದ ಬರ್ತಾರ. ಬರೋದಂತೂ ಬಿಡಂಗಿಲ್ಲ."

ಬೀಗರ ಊಟದ ಸಿದ್ಧಾಂತವನ್ನು ಅವತ್ತೇ ಪೂರ್ತಿ ಕೇಳಿದೆ. ನಮ್ಮ ಕಡೆಯೂ ಬೀಗರೂಟ ಇದೆ, ಆದರೆ ವೈನಿಯ ಊರಿನ ಬೀಗರು ಬಹಳ ಬಿಗುಮಾನದವರಂತೆ. ಮೊದಲು ಹೋಗಿ ಕರೆಯಬೇಕು. ಬಂದರೆ ಮೊದಲ ಸಲ ಬರೀ ಕೈ ತೊಳೆಯಲು ನೀರು, ಚಹಾ. ಮನಸ್ಸು ಕೂತ ಮೇಲೆ ಎಲೆ ಹಾಕಬೇಕು. ಎಲೆ ಹಾಕಿದ ಮೇಲೆ ನಡುವೆ ಬಂದು 'ಸಾಕಾ, ಇನ್ನೂ ಬೇಕಾ' ಎಂದು ಪೀಡಿಸಬಾರದು, ಎದುರಿಗೆ ಜಗಳ ತೆಗೆಯಬಾರದು, ವಾಸನೆಯ ವಸ್ತು ಇಡಬಾರದು. ಸರಿಯಾಗಿ ಉಪಚರಿಸಿದರೆ ತಾವೂ ಉಂಡು ಮನೆಯಲ್ಲಿ ಉಳಿದವರಿಗೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

"ಆ ಬುತ್ತಿನಽ ನನಗ ಬೇಕಾಗಿದ್ದು" ಎಂದರು ವೈನಿ. "ಕಣ್ಣಿಗೆ ಕಂಡವರನ್ನ ಕೊಂದು ಏನ ಮಾಡ್ತೀರಿ? ಕಾಣಲಾರದವರು ಕೆಳಗ ನೆಲದಾಗ ಅದಾರ. ನಮ್ಮ ಊಟ ಅವರ ಮನಿ ಮುಟ್ಟಬೇಕು. ಒಬ್ಬರ ಬಾಯಿಂದ ಒಬ್ಬರಿಗೆ ಉಣಿಸ್ತಾರ ಅವರು. ನಮ್ಮಂಗಲ್ಲ, ಭಾಳ ಪ್ರೀತಿ ಮಂದಿ."

"ತಿಂದರೆ ಏನಾಗುತ್ತೆ?"

"ಹಾವು ಪೊರಿ ಬಿಡತೈತಲ್ಲ, ಹಂಗ ಇವೂ ಪೊರಿ ಬಿಟ್ಟು ಬೆಳೀಬೇಕು. ಈ ಊಟ ಉಂಡ ಮ್ಯಾಲ ಪೊರಿ ಬಿಡಾಕ ಬರಂಗಿಲ್ಲ. ಅಷ್ಟಽ. ಸಾವಕಾಶ ಆಗತೈತಿ. ಅವಸರ ಇದ್ದವರು ನನ್ನ ಕರೀಬಾರದು."

ಅವಸರ ನನಗಿತ್ತು. ಆದರೂ ಆಕೆ ಹೇಳಿದ ಧಾಟಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ, ಒಪ್ಪಿಬಿಟ್ಟೆ. ಮನೆಯ ಸುತ್ತ ಅಲ್ಲಲ್ಲಿ ಗುಂಡಿ ತೋಡಿ, ಮೈತುಂಬ ಸಂದಿಗಳಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ನೆಲದ ಮಟ್ಟಕ್ಕೆ ಹೂಳಿದರು. ಒಂದನ್ನು ಬೇವಿನ ಬುಡದಲ್ಲಿ, ಹುತ್ತಕ್ಕೆ ಹತ್ತಿರವಾಗಿ ಇಟ್ಟರು. ಪ್ರತಿಯೊಂದರಲ್ಲೂ ಬರೀ ಮರದ ತುಂಡುಗಳು, ಮೇಲೆ ಮುಚ್ಚಳ. ಅದು ಚಹಾ. ಮಾಲೀಕರು ಹುತ್ತವನ್ನು ಅಗೆಸಿಬಿಡೋಣ ಎಂದಿದ್ದರು, ವೈನಿ ಬೇಡವೆಂದರು. ಹುತ್ತ ಅಗೆದರೆ ಅವು ಚದುರಿ ಇನ್ನೆಲ್ಲೋ ಮನೆ ಕಟ್ಟುತ್ತವೆ, ಊಟ ಕೊಡಲು ವಿಳಾಸ ಸಿಗುವುದಿಲ್ಲ. ಶರಣವ್ವನೂ ಹುತ್ತ ಅಗೆಯುವ ಮಾತನ್ನು ಸಹಿಸಿರಲಿಲ್ಲ. ಅವಳ ಕಾರಣ ಬೇರೆ: ಹುತ್ತ ಎಂದರೆ ನಾಗಪ್ಪನ ಮನೆ.

ಮಳೆ ಹಿಡಿದುಕೊಂಡಿತು. ಆಷಾಢದಲ್ಲಿ ಒಂದು ದಿನ ಬೇವಿನ ಬುಡದ ಡಬ್ಬಿಯ ಮುಚ್ಚಳವನ್ನು ವೈನಿ ಹೂವು ಎತ್ತುವ ಹಾಗೆ ಎತ್ತಿ, ನನ್ನನ್ನು ಕರೆದು ತೋರಿಸಿದರು. ಮರದ ತುಂಡುಗಳ ಮೇಲೆ ಅನ್ನ ಚೆಲ್ಲಿದಂತೆ ಬೆಳ್ಳಗೆ ಹರಿದಾಡುತ್ತಿದ್ದವು. ನಾನು ಅಯ್ಯೋ ಎಂದೆ. ವೈನಿ ಪಿಸುಮಾತಿನಲ್ಲಿ, "ಕೂಗಬ್ಯಾಡ ತಂಗಿ, ಬೀಗರು ಬಂದಾರ" ಎಂದರು. ಗೆದ್ದಲಿಗೆ ಕನ್ನಡ ಕೇಳಿಸುತ್ತದೆಯೇ ಎಂದು ನಾನು ನಕ್ಕೆ, ಆಕೆ ನಗಲಿಲ್ಲ.

ಅವತ್ತು ನಮ್ಮ ಕಟ್ಟೆಯ ಮೇಲೆ ಕೂತು ಊಟ ತಯಾರಿಸಿದರು. ಚೀಲದಿಂದ ಬಿಳಿ ಪುಡಿ ತೆಗೆದು, ಗವಸು ತೊಟ್ಟು, ನೀರು ಹಾಕಿ ಜೋಳದ ಹಿಟ್ಟಿನಂತೆ ನಾದಿದರು. ಹಿಟ್ಟು ಹೆಚ್ಚು ಬಿಗಿಯಾದರೆ ತಿನ್ನುವುದಿಲ್ಲ, ಸಡಿಲಾದರೆ ಬೂಸು ಹಿಡಿಯುತ್ತದೆ. ಹದ ನೋಡಲು ಅದನ್ನು ಮುಷ್ಟಿಯಲ್ಲಿ ಹಿಂಡಿ, ನೀರು ಜಿನುಗುವುದನ್ನು ಕಾಯುವರು. ಈ ಕೆಲಸದ ದಿನ ಆಕೆ ಮೈಗೆ ಪರಿಮಳದ ಸೋಪು ಹಚ್ಚುತ್ತಿರಲಿಲ್ಲ, ತಲೆಗೆ ಹೂ ಮುಡಿಯುತ್ತಿರಲಿಲ್ಲ.

ಹಾಗೆ ನಾದುತ್ತಿದ್ದಾಗಲೇ ಕೇಳಿದೆ, ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು. ಮೊದಲು ಔಷಧಿ ಹೊಯ್ಯುವ ಕಂಪನಿಯೊಂದರಲ್ಲಿ ಡ್ರಿಲ್ ಹಿಡಿಯುತ್ತಿದ್ದರಂತೆ. ನೆಲ ಕೊರೆಯುವುದು, ಪಂಪಿನಿಂದ ತುಂಬುವುದು, ಸಿಮೆಂಟು ಮೆತ್ತುವುದು. ಮಗಳು ಹುಟ್ಟಿ ಕೆಲವು ತಿಂಗಳಿಗೆ ಮತ್ತೆ ಕೆಲಸಕ್ಕೆ ಹೋದರು.

"ಸಂಜಿಕ ಮನಿಗೆ ಬಂದು ಜಳಕ ಮಾಡಿ ಕೂಸಿನ್ನ ತಗೊಂಡೆ. ಎದಿಗೆ ಬಾಯಿ ಹಚ್ಚಲಿಲ್ಲ. ಮಾರಿ ಹೊರಳಿಸಿತು. ಹಸದು ಅಳಾಕತ್ತಿತ್ತು, ಆದ್ರೂ ಮಾರಿ ಹೊರಳಿಸಿತು. ಆ ವಾಸನಿ ನನ್ನ ಮೈಯಾಗಽ ಹೊಕ್ಕಿತ್ತು. ಮರುದಿನ ಹೋಗಿ ಡ್ರಿಲ್ ಕೆಳಗ ಇಟ್ಟು ಬಂದೆ. ಇನ್ನ ಸಾಯೋತನಕ ಮುಟ್ಟಂಗಿಲ್ಲ ಅಂದೆ."

ಹಿಟ್ಟಿನ ಉಂಡೆಯನ್ನು ಡಬ್ಬಿಗೆ ಇಳಿಸುತ್ತ ಹೇಳಿದರು, "ನಿಮ್ಮ ತೊಟ್ಟಿಲ ಕ್ವಾಣಿ ನೋಡಿದ ಮ್ಯಾಲ ಇದನ್ನ ಬಿಡೋ ಹಂಗಿಲ್ಲ ನಾನು."

ಎಲ್ಲ ಸರಿಯಾಗಿಯೇ ನಡೆದಿತ್ತು. ಉಂಡೆಗಳು ಕರಗುತ್ತಿದ್ದವು. ವೈನಿ ಬಂದು ಹೊಸದು ಇಟ್ಟು ಹೋಗುತ್ತಿದ್ದರು. ಗೆದ್ದಲು ಡಬ್ಬಿಯ ಅಂಚಿಗೆಲ್ಲ ಹಸಿ ಮಣ್ಣು ಮೆತ್ತಿ, ಮುಚ್ಚಳದ ಮೇಲೂ ಮೆತ್ತಿ, ಬೇವಿನ ಬುಡದಲ್ಲಿ ಗೇಣುದ್ದದ ಒಂದು ಮರಿ ಹುತ್ತವೇ ಎದ್ದಿತು. ಅಲ್ಲಿಗೆ ಪಂಚಮಿ ಬಂತು.

ಅವತ್ತು ಬೆಳಿಗ್ಗೆ ನಾನು ಮಕ್ಕಳಿಗೆ ಜೋಕಾಲಿ ಕಟ್ಟಿಸುವ ಗಡಿಬಿಡಿಯಲ್ಲಿ ಮುಂಬಾಗಿಲಿನಲ್ಲಿದ್ದೆ. ಹಿತ್ತಿಲಲ್ಲಿ ಶರಣವ್ವ ಮತ್ತು ಅವಳ ಓಣಿಯ ಹೆಂಗಸರು ಹಾಲೆರೆಯಲು ಸೇರಿದ್ದರು. ಅವರ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಸುಮ್ಮನೆ ಹಾಲು ಸುರಿಯುವುದಿಲ್ಲ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸಲ ಎರೆಯುತ್ತಾರೆ. ಹಳೆಯ ಹುತ್ತದ ಪಕ್ಕದಲ್ಲಿ ಹೊಸದೊಂದು ಎದ್ದದ್ದನ್ನು ಶರಣವ್ವ ವಾರದಿಂದ ನೋಡುತ್ತಲೇ ಇದ್ದಳು. ಅದು ವೈನಿಯ ಡಬ್ಬಿ ಎಂಬುದು ಮಣ್ಣಿನಡಿ ಮುಚ್ಚಿಹೋಗಿತ್ತು, ನೆನಪಿನಿಂದಲೂ ಹೋಗಿತ್ತು. ಹುತ್ತ ಮರಿ ಹಾಕಿದೆ, ನಾಗಪ್ಪ ಹೊಸ ಮನೆ ಮಾಡಿದ್ದಾನೆ, ಇದಕ್ಕಿಂತ ಶುಭ ಉಂಟೇ! ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಬೆಲ್ಲ ಹಾಕಿದ ಹಾಲು ಎರೆದಳು. ತನ್ನ ಮನೆಯವರ ಪಾಲು ಮುಗಿದ ಮೇಲೆ ಶಿಶುವಿಹಾರದ ಅಷ್ಟೂ ಕೂಸುಗಳ ಹೆಸರು ಹಿಡಿದು ಒಂದೊಂದು ಪಾಲು ಎರೆದಳು. ಒಂದನ್ನೂ ಬಿಡಲಿಲ್ಲ, ಜ್ವರ ಬಂದು ಮನೆಯಲ್ಲಿದ್ದ ಮಗುವಿನದನ್ನೂ ಎರೆದಳು.

ಮಧ್ಯಾಹ್ನ ವೈನಿ ಬಂದರು. ಹಬ್ಬದ ಸೀರೆ, ಸೀರೆಯ ಅಂಚಿಗೆ ಕೆಂಪು ಮಣ್ಣು, ಸೆರಗಿಗೆ ಒಣ ದಂಟಿನ ಚೂರು ಅಂಟಿಕೊಂಡಿತ್ತು. ಎಲ್ಲಿಂದ ಬಂದರೋ ಕೇಳಲಿಲ್ಲ. ಮಕ್ಕಳಿಗೆ ಶೇಂಗಾ ಉಂಡಿ, ಎಳ್ಳುಂಡಿ ಹಂಚಿ ಹಿತ್ತಿಲಿಗೆ ಹೋದರು. ಬಹಳ ಹೊತ್ತಾದರೂ ಸದ್ದಿಲ್ಲ. ಹೋಗಿ ನೋಡಿದರೆ ಮುಚ್ಚಳ ತೆರೆದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಡಬ್ಬಿಯೊಳಗೆ ಹಾಲು ನಿಂತಿದೆ, ಉಂಡೆ ಅದರಲ್ಲಿ ಕದಡಿ ಹೋಗಿದೆ, ಬೆಲ್ಲಕ್ಕೆ ಕಪ್ಪಿರುವೆ ಸಾಲುಗಟ್ಟಿವೆ. ಗೆದ್ದಲು ಒಂದೂ ಇಲ್ಲ. ಇರುವೆ ಹೊಕ್ಕ ಮನೆಗೆ ಗೆದ್ದಲು ಕಾಲಿಡುವುದಿಲ್ಲ. ಬೀಗರು ಬಂದು ಉಣ್ಣುತ್ತಿದ್ದುದು ಆ ಒಂದು ಡಬ್ಬಿಯಲ್ಲೇ, ವಾರಗಟ್ಟಲೆಯ ಉಪಚಾರವೆಲ್ಲ ಮಣ್ಣುಪಾಲಾಗಿತ್ತು.

ನನಗೆ ಅಳು ಬಂತು, ಸಿಟ್ಟೂ ಬಂತು. ಶರಣವ್ವನನ್ನು ಕರೆದು ಬಾಯಿಗೆ ಬಂದದ್ದು ಅಂದೆ. ಅವಳು ಬಾಯಿಗೆ ಸೆರಗು ಹಿಡಿದು ನಿಂತಳು. ವೈನಿ ತಲೆಯೆತ್ತಿ ನನ್ನನ್ನು ನೋಡಿ, "ಬೈಬ್ಯಾಡ್ರಿ ಆಕಿನ್ನ" ಎಂದರು. ಆಮೇಲೆ ಶರಣವ್ವನ ಕಡೆ ತಿರುಗಿ, "ಎಲ್ಲಾ ಕೂಸಿನ ಪಾಲೂ ಎರದೀ?" ಎಂದು ಕೇಳಿದರು.

"ಎಲ್ಲಾರ್ದೂ ಎರದೀನ್ರಿ ವೈನಿ. ನನಗ ತಿಳೀಲಿಲ್ರಿ, ತಪ್ಪಾತ್ರಿ."

"ನನ್ನ ಪಾಲು?"

ಶರಣವ್ವ ತಡವರಿಸಿದಳು. "ನಿಮ್ಮದು... ನೆನಪಾಗ್ಲಿಲ್ರಿ."

"ನೋಡು, ಅದಕಽ ಹಿಂಗಾತು" ಎಂದು ವೈನಿ ನಗತೊಡಗಿದರು. ಆಕೆಯ ನಗು ದೊಡ್ಡದು, ಮಲಗಿದ್ದ ಕೂಸುಗಳು ಎದ್ದವು. ಶರಣವ್ವನೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತ. ನಾನೊಬ್ಬಳೇ ಗಂಟುಮುಖ ಹಾಕಿಕೊಂಡು ನಿಂತಿದ್ದೆ, ದಸರೆ ನನ್ನ ತಲೆಯ ಮೇಲೆ ಕೂತಿತ್ತು.

ಆಮೇಲೆ ವೈನಿ ಮಾಡಿದ್ದನ್ನು ನೋಡಿ. ಹಳೆಯ ಹುತ್ತದ ಪಕ್ಕದಿಂದ ಒಂದು ಮುಷ್ಟಿ ಮಣ್ಣು ತಂದು, ಕಲಸಿ, ಹೆಡೆಯೆತ್ತಿದ ನಾಗಪ್ಪನನ್ನು ಮಾಡಿದರು. ಹಿತ್ತಿಲಿನ ಇನ್ನೊಂದು ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕೂರಿಸಿ, "ನಾಗಪ್ಪ ಇಲ್ಲಿ ಬಂದಾನ. ಇನ್ನ ಹಾಲು ಇಲ್ಲೇ ಎರೀರಿ, ಬೇವಿನ ಕಡೆ ಬೀಗರು ಉಣ್ಣಾಕತ್ತಾರ, ಅವರಿಗೆ ಹಾಲು ಆಗಿಬರಂಗಿಲ್ಲ" ಎಂದರು. ಹೆಂಗಸರು ಒಪ್ಪಿದರು. ಅವತ್ತೇ ಸಂಜೆ ಡಬ್ಬಿಯನ್ನು ಕಿತ್ತು, ತೊಳೆದು, ಬೇವಿನ ಬುಡದಲ್ಲೇ ಇರುವೆ ಕಾಣದ ಜಾಗ ಹುಡುಕಿ ಹೂಳಿದರು. ಮತ್ತೆ ಮರದ ತುಂಡು, ಮತ್ತೆ ಚಹಾದಿಂದ ಶುರು.

ಬೀಗರು ಮುನಿಸಿಕೊಂಡಿದ್ದರು. ಶ್ರಾವಣ ಕಳೆದರೂ ಬರಲಿಲ್ಲ. ಗಣೇಶನನ್ನು ಕೂರಿಸಿ, ಕಳಿಸಿಯೂ ಆಯಿತು. ವೈನಿ ಬಂದು ಮುಚ್ಚಳ ಎತ್ತುವರು, ಇಳಿಸುವರು. ಒಮ್ಮೆ ನಾನು ತಡೆಯಲಾರದೆ, ಔಷಧಿಯನ್ನೇ ಹೊಯ್ಸಿಬಿಡಲೇ ಎಂದು ಕೇಳಿದೆ. "ಬರ್ತಾರ" ಎಂದರು. ಬಂದರು. ದಸರೆಗೆ ಮುಂಚಿನ ಬತುಕಮ್ಮ ಹಬ್ಬದ ಹೂವಿನ ತಟ್ಟೆಗಳು ಓಣಿಯಲ್ಲಿ ಕಾಣುವ ಹೊತ್ತಿಗೆ ಉಂಡೆಗಳು ಮತ್ತೆ ಕರಗತೊಡಗಿದ್ದವು.

ದಸರೆಯ ಮರುದಿನ ಮಾಲೀಕರು ಬನ್ನಿ ಎಲೆ ಹಿಡಿದುಕೊಂಡು ಬಂದರು. ಚೌಕಟ್ಟಿನ ಮೇಲೆ ಮಣ್ಣಿನ ಸಾಲು ಹಾಗೆಯೇ ಇತ್ತು. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಕ್ಷಮಿಸಮ್ಮಾ ಎಂದರು. ಬಿಲ್ಡರನ ಕಡೆಯವರು ಮರುವಾರ ಮನೆ ಅಳೆಯಲು ಬರುತ್ತಾರಂತೆ. ಅವತ್ತು ಮಾತ್ರ ವೈನಿ ಹೇಳಿದ ಹೊತ್ತಿಗೆ ಬಂದಿದ್ದರು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅವರೆದುರು ನಿಂತು ಹೇಳಿದರು:

"ದೀಪಾವಳಿ ತನಕ ಬಿಡ್ರಿ ಯಜಮಾನ್ರ. ಆವತ್ತೂ ಇದರಾಗ ಒಂದು ಜೀವ ಹರಿದಾಡಿದ್ರ, ಡ್ರಿಲ್ ನಾನಽ ಹಿಡೀತೀನಿ. ನಿಮ್ಮ ಆಳು ಬ್ಯಾಡ. ನನ್ನ ಕೈಲೇ ಕೊರದು, ನನ್ನ ಕೈಲೇ ಹೊಯ್ದು ಹೋಗತೀನಿ."

ಆ ಮಾತಿನ ತೂಕ ಮಾಲೀಕರಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿದಿತ್ತು. ಆಕೆಯ ಕೈಯಲ್ಲಿ ಡ್ರಿಲ್ಲನ್ನು ಕಲ್ಪಿಸಿಕೊಳ್ಳಲೂ ನನ್ನಿಂದ ಆಗಲಿಲ್ಲ. ಬೇಡ ವೈನಿ ಎನ್ನಲು ಹೋದೆ, ಕಣ್ಣಲ್ಲೇ ಸುಮ್ಮನಿರಿಸಿದರು. ಮಾಲೀಕರು ಆಕೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಚೂದ್ದಾಂ" ಎಂದು ಬನ್ನಿ ಕೊಟ್ಟು ಹೋದರು.

ನರಕ ಚತುರ್ದಶಿಗೆ ಇನ್ನೂ ಒಂದು ವಾರವಿದ್ದಾಗ ವೈನಿ ಬೇವಿನ ಬುಡದ ಡಬ್ಬಿ ತೆರೆದು ನನ್ನನ್ನು ಕೂಗಿದರು. ಇದ್ದ ನಾಲ್ಕಾರು ಹುಳ ಮಬ್ಬಾಗಿ, ಸುಣ್ಣದಂತೆ ಬಿಳಿಚಿಕೊಂಡು, ಕಾಲೆಳೆಯುತ್ತಿದ್ದವು. ಆಕೆ ಒಳಗೆ ಬಂದು ಚೌಕಟ್ಟಿನ ಮಣ್ಣಿನ ಸಾಲನ್ನು ಬೆರಳಗಲದಷ್ಟು ಮುರಿದರು. "ಜೀವ ಇದ್ದರ ನಾಳೆ ಮುಂಜಾನಿ ಒಳಗ ಕಟ್ಟಿ ಮುಗಿಸ್ತಾರ. ಅವರು ಮುರಕು ಮನಿ ಬಿಡೋ ಮಂದಿ ಅಲ್ಲ." ಮರುದಿನ ನಾನು ಶಿಶುವಿಹಾರದ ಬೀಗ ತೆಗೆದವಳೇ ಅಲ್ಲಿಗೆ ಓಡಿದೆ. ಮುರಿದದ್ದು ಮುರಿದ ಹಾಗೆಯೇ ಇತ್ತು. ಅದರ ಮರುದಿನವೂ ಹಾಗೆಯೇ ಇತ್ತು.

ದೀಪಾವಳಿಗೆ ಮಾಲೀಕರು ಬಂದಾಗ ವೈನಿ ಅವರ ಕೈಗೆ ತಮ್ಮ ಹಳದಿ ಹಿಡಿಯ ಸ್ಕ್ರೂಡ್ರೈವರ್ ಕೊಟ್ಟರು. ಅವರು ಮುರಿದ ಸಾಲಿನೊಳಗೆ ಅದರ ತುದಿ ಹಾಕಿದರು. ಒಣ ಮಣ್ಣು ಉದುರಿತು, ಮತ್ತೇನೂ ಇಲ್ಲ. ಉದ್ದಕ್ಕೂ ಕೆರೆಯುತ್ತ ಹೋದರು, ಉದ್ದಕ್ಕೂ ಒಣ ಮಣ್ಣು. ಕೊನೆಗೆ ಚೌಕಟ್ಟಿಗೆ ತಾವೇ ಕಿವಿ ಹಚ್ಚಿದರು. ಎಷ್ಟು ಹೊತ್ತು ಹಾಗೆ ನಿಂತಿದ್ದರೆಂದರೆ, ಗೆದ್ದಲನ್ನಲ್ಲ, ಅವರಪ್ಪನ ದನಿಯನ್ನೇ ಕೇಳುತ್ತಿದ್ದಾರೆ ಅನ್ನಿಸಿತು. "ಸರೆ ಅಮ್ಮಾ, ಪಿಲ್ಲಲು ಉಂಡನೀ" ಎಂದರು. ಸರಿಯಮ್ಮ, ಮಕ್ಕಳು ಇರಲಿ. ಹೋಗುವಾಗ ಮಕ್ಕಳಿಗೆಂದು ತಂದಿದ್ದ ಸುರುಸುರುಬತ್ತಿ ಕೊಟ್ಟು ಹೋದರು. ಆಮೇಲೆ ಬಡಗಿಯನ್ನು ಕಳಿಸಿ ಚೌಕಟ್ಟಿನ ಬುಡಕ್ಕೆ ಹೊಸ ತೇಗದ ತುಂಡು ಹಾಕಿಸಿದರು. ಇವತ್ತಿಗೂ ಆ ಭಾಗ ಒಂದು ಬಣ್ಣ, ಮೇಲಿನದು ಒಂದು ಬಣ್ಣ.

ನಾನು ವೈನಿಯನ್ನು ತಬ್ಬಿಕೊಂಡು ಅತ್ತೆ. ಆಕೆ ಖುಷಿಯಾಗಿಯೇ ಇದ್ದರು, ಎಂದಿನಂತೆ ಹೊಗಳಿಕೊಂಡರು. ಆದರೆ ಬೇವಿನ ಬುಡದ ಹುತ್ತದ ಮುಂದೆ ಒಂದು ಗಳಿಗೆ ನಿಂತು, ಕೈ ಮುಗಿದು ಸ್ಕೂಟರ್ ಹತ್ತಿದ್ದನ್ನು ನಾನು ನೋಡಿದೆ.

ಅದೇಕೆಂದು ತಿಳಿದದ್ದು ಮುಂದಿನ ಪಂಚಮಿಗೆ. ಬೆಳಿಗ್ಗೆಯೇ ಬಂದು, "ನಡೀರಿ ತಂಗಿ, ಒಂದು ಕಡೆ ಹೋಗಿ ಬರೋಣು" ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡರು. ನನ್ನ ತೊಡೆಯ ಮೇಲೆ ಬೀದರಿನಿಂದ ತರಿಸಿದ ಒಣ ಜೋಳದ ದಂಟಿನ ಕಟ್ಟು. ವಿಶ್ವವಿದ್ಯಾಲಯದ ಒಳಗೆ, ಕಟ್ಟಡಗಳನ್ನು ದಾಟಿ, ಬಂಡೆ ಮತ್ತು ಪೊದೆಗಳ ಬಯಲಿನಲ್ಲಿ ಆಳೆತ್ತರದ ಒಂದು ಕೆಂಪು ಹುತ್ತವಿದೆ. ಯಾರ ಮನೆಗೂ ಹತ್ತಿರವಿಲ್ಲ. ವೈನಿ ಹಾಲೆರೆದರು. ಆಮೇಲೆ ದಂಟನ್ನು ಬಿಚ್ಚಿ ಹುತ್ತದ ಸುತ್ತ ಹರಡಿದರು, ಪಂಕ್ತಿಯಲ್ಲಿ ಎಲೆ ಹಾಕುವ ಹಾಗೆ ಒಂದರ ಪಕ್ಕ ಒಂದು.

ಇದೇನು ವೈನಿ ಎಂದೆ.

"ಬೀಗರ ಪಾಲು. ಇದರಾಗ ಏನೂ ಹಾಕಿಲ್ಲ, ಬರೇ ಕಣಕಿ." ಕೈಯ ಧೂಳು ಕೊಡವಿದರು. ಆಕೆಯ ದನಿಯಲ್ಲಿ ಮೊದಲ ಸಲ ಜಂಬವಿರಲಿಲ್ಲ. "ವರ್ಷಾನುಗಟ್ಟಲೆ ಊಟಕ್ಕಂತ ಕರದು ಕೊಂದೀನಿ ತಂಗಿ. ಕೊಲ್ಲೋದು ತಪ್ಪು ಅನ್ನಂಗಿಲ್ಲ ನಾನು. ಕೂಸುಗಳ ಮನಿ ಉಳೀಬೇಕಲ್ಲ. ಖರೇ, ಕೊಲ್ಲಬೇಕಾದ್ರ ಕೊಲ್ಲು, ಊಟಕ್ಕ ಕರದು ಕೊಲ್ಲೋದು ಭಾಳ ಕೆಟ್ಟದ್ದು. ಬಂದವರು ನಂಬಿ ಉಂಡಾರ. ವರ್ಷಕ್ಕೊಮ್ಮೆಯಾದ್ರೂ ವಿಷ ಇಲ್ಲದ ಊಟ ಹಾಕಬೇಕು."

ಇಬ್ಬರೂ ಬಂಡೆಯ ಮೇಲೆ ಕೂತು ಶೇಂಗಾ ಉಂಡಿ ತಿಂದೆವು. ಅಲ್ಲಿಂದ ಮುಂದೆ ಪ್ರತಿ ಪಂಚಮಿಗೂ ಜೊತೆಯಲ್ಲಿ ಹೋದೆವು. ಕಳೆದ ವರ್ಷ ಆಕೆಗೆ ಮಂಡಿ ಬಗ್ಗುತ್ತಿರಲಿಲ್ಲ. ನಿಂತುಕೊಂಡೇ, ಇಲ್ಲೊಂದು ಇಡು, ಅಲ್ಲೊಂದು ಇಡು ಎಂದು ನನ್ನ ಕೈಯಿಂದ ಹರಡಿಸಿದರು. ನಾನು ಹರಡಿದ್ದು ಸರಿಯಿಲ್ಲ ಎಂದು ಬೈದರು.

ಆಷಾಢದಲ್ಲಿ ಹೋದವರಿಗೆ ಪಂಚಮಿ ಸಿಗಲಿಲ್ಲ. ಕುಷಾಯಿಗೂಡದ ಮನೆಯಲ್ಲಿ ಅವರನ್ನು ನೋಡಿ ಬಂದ ದಿನ ನನಗೆ ಅಳು ಬರಲಿಲ್ಲ. ಮಗಳು ನನ್ನ ಕೈಗೆ ಆ ಹಳದಿ ಹಿಡಿಯ ಸ್ಕ್ರೂಡ್ರೈವರ್ ಕೊಟ್ಟು, "ಅವ್ವ ನಿಮಗ ಕೊಡು ಅಂದಿದ್ಲರಿ" ಎಂದಾಗ ಬಂತು. ಈಗ ಶಿಶುವಿಹಾರದ ಸುತ್ತಲಿನ ಡಬ್ಬಿಗಳನ್ನು ನಾನೇ ತೆರೆದು ನೋಡುತ್ತೇನೆ, ಚೌಕಟ್ಟನ್ನು ನಾನೇ ಬಡಿಯುತ್ತೇನೆ. ಮಕ್ಕಳು ಆಗ ಬಾಯಿ ಮುಚ್ಚಿ ನಿಲ್ಲುತ್ತವೆ.

ಈ ಪಂಚಮಿಗೆ ಶರಣವ್ವನನ್ನು ಕರೆದುಕೊಂಡು ಬಯಲಿಗೆ ಹೋದೆ. ಅವಳು ದೇವರ ಪಾಲು, ಗುರುವಿನ ಪಾಲು ಎಂದು ಶುರುಮಾಡಿ, ಶಿಶುವಿಹಾರದ ಒಂದೊಂದು ಕೂಸಿನ ಪಾಲೂ ಎರೆದು, ಕೊನೆಗೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ತಳದಲ್ಲಿ ಸ್ವಲ್ಪ ಹಾಲು ಉಳಿಸಿದ್ದಳು. "ಈ ಸಲ ಮರತಿಲ್ರಿ" ಎಂದಳು. ವೈನಿಯ ಪಾಲು ಎಂದು ನಾನು ಎರೆದೆ. ಆಮೇಲೆ ದಂಟನ್ನು ಹುತ್ತದ ಸುತ್ತ ಹರಡಿದೆ. ನನಗೆ ತಿಳಿದ ಮಟ್ಟಿಗೆ ಸರಿಯಾಗಿಯೇ ಹರಡಿದೆ.

ಕೆಲವು ದಿನ ಬಿಟ್ಟು ಒಬ್ಬಳೇ ಹೋಗಿ ನೋಡಿದೆ. ದಂಟುಗಳ ಮೇಲೆಲ್ಲ ಹಸಿ ಕೆಂಪು ಮಣ್ಣು ಹತ್ತಿತ್ತು. ಬೀಗರು ಬಂದಿದ್ದರು, ಒಳಗೆ ಉಣ್ಣುತ್ತಿದ್ದರು. ಒಂದು ದಂಟು ಎತ್ತಿ ನೋಡಬೇಕೆಂದು ಕೈ ಚಾಚಿದವಳು, ವೈನಿ ಬೈದಾರೆಂದು ಕೈ ಹಿಂದಕ್ಕೆಳೆದುಕೊಂಡು, ಸದ್ದಾಗದಂತೆ ಹೆಜ್ಜೆಯಿಟ್ಟು ಮನೆಗೆ ಬಂದೆ.